ಸಂಪ್ ನಟ್ಟಿಗೆ ಸುತ್ತಿದ ನಾರು

ನಮ್ಮ ಮನೆಗೆ ಕಾರು ಬಂದದ್ದು ತಿರುಗಾಟಕ್ಕಲ್ಲ, ನನ್ನ ಗಂಡನ ಕಿಡ್ನಿಗೆ. ಇವರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ, ವಾರಕ್ಕೆ ಮೂರು ದಿನ ಸಾಗರದ ಆಸ್ಪತ್ರೆಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದರು. ಸೋಮವಾರ, ಬುಧವಾರ, ಶುಕ್ರವಾರ, ಬೆಳಿಗ್ಗೆ ಏಳರ ಪಾಳಿ. ನಾವಿರುವುದು ಹೊಸನಗರದಿಂದಲೂ ಒಳಗೆ. ಡಾಂಬರು ರಸ್ತೆಗೆ ಬರಬೇಕಾದರೆ ಒಂದು ಮೈಲಿ ಏರು. ಮೊದಲನೇ ಬಸ್ಸು ಹಿಡಿದರೂ ಸಾಗರ ಮುಟ್ಟುವಾಗ ಎಂಟೂವರೆ. ಏಳಕ್ಕೆ ಇಲ್ಲದಿದ್ದರೆ ಹಾಸಿಗೆ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ. ಅದಕ್ಕೇ ಮಗ ಕಾರು ತಂದ. ಹಳೆಯದು ತಂದರೆ ದಾರಿಯಲ್ಲಿ ಕೈಕೊಟ್ಟೀತು, ಹೊಸದಕ್ಕಾದರೆ ವಾರಂಟಿ ಇದೆ, ಏನಾದರೂ ಕಂಪನಿಯವರೇ ಸರಿ ಮಾಡಿಕೊಡುತ್ತಾರೆ ಎಂದ. ವಾರಂಟಿ ಎಂಬ ಮಾತು ನಮ್ಮ ಮನೆಯೊಳಗೆ ಬಂದದ್ದು ಆಗ.

ಮಗನಿಗೆ ಹೊಸನಗರದ ಸೊಸೈಟಿಯಲ್ಲಿ ಕೆಲಸ. ಅವನು ವಾರಕ್ಕೆ ಮೂರು ದಿನ ರಜೆ ಹಾಕಿದರೆ ಕೆಲಸ ಉಳಿಯುವುದಿಲ್ಲ. ಹಾಗಾಗಿ ಸೊಸೆ ಡ್ರೈವಿಂಗ್ ಕಲಿತಳು. ಕಲಿಯುವಾಗ ಪಕ್ಕದವರ ಬೇಲಿಯೊಂದು, ನಮ್ಮದೇ ಗೇಟಿನ ಕಂಬವೊಂದು ಹೋದವು. ಆಮೇಲೆ ಕೈ ಕೂತಿತು. ಇವರು ಹಿಂದಿನ ಸೀಟಿನಲ್ಲಿ ಕೂತು ನೋಡಿ, "ಲಾರಿ ಕೊಟ್ರೂ ಹೊಡಿತಾಳೆ" ಎಂದರು. ಇವರ ಬಾಯಿಂದ ಹೊಗಳಿಕೆ ಬಂದದ್ದು ನಾನು ಕೇಳಿದ್ದು ಅದೊಂದೇ ಸಲ. ಐವತ್ತು ವರ್ಷ ಅಡುಗೆ ಮಾಡಿ ಹಾಕಿದ ನನಗೆ ಅದು ಸಿಕ್ಕಿಲ್ಲ.

ಇವರು ನಲವತ್ತು ವರ್ಷ ತೀರ್ಥಹಳ್ಳಿಯಲ್ಲಿ ಗ್ಯಾರೇಜು ಇಟ್ಟವರು. ನಾನು ಓದಿದ್ದು ಮೂರನೇ ಕ್ಲಾಸು, ಇವರು ನಾಲ್ಕನೆಯದು. ಆದರೆ ಸೇತುವೆ ದಾಟಿ ಬರುವ ಜೀಪಿನ ಶಬ್ದ ಕೇಳಿಯೇ ಯಾವ ಸ್ಪ್ಯಾನರ್ ಬೇಕು ಎಂದು ತೆಗೆದಿಡುತ್ತಿದ್ದರು. ಗ್ಯಾರೇಜಿಗೆ ಇವರದೇ ಒಂದು ಕಟ್ಟಳೆ ಇತ್ತು. ಗಾಡಿಯವನು ಎದುರಿಗೇ ಕೂತು ಕೆಲಸ ನೋಡಬೇಕು. ಬಿಚ್ಚಿದ ಹಳೆಯ ಸಾಮಾನನ್ನು ಇವರು ಬಟ್ಟೆಯಲ್ಲಿ ಒರೆಸಿ ಅವನ ಕೈಗೆ ಕೊಡುತ್ತಿದ್ದರು. ಅವನಿಗೆ ಬೇಡವಾದರೆ ಅವನೇ ಎಸೆಯಬೇಕು. ಹಾಗೆ ಮಾಡಿ ಇವರು ಸಂಪಾದಿಸಿದ್ದು ಹೆಸರು ಮಾತ್ರ, ಅದು ಬೇರೆ ವಿಷಯ.

ಕಾರಿನ ಸರ್ವಿಸಿಗೆ ಶಿವಮೊಗ್ಗದ ಶೋರೂಮಿಗೇ ಹೋಗಬೇಕಿತ್ತು. ಮೊದಲನೇ ಸಲ ಇವರು ಹುಷಾರಿಲ್ಲದೆ ಹೋಗಲಿಲ್ಲ. ಎರಡನೇ ಸಲ ಹಟ ಹಿಡಿದು ಹೊರಟರು, ಜೊತೆಗೆ ನಾನೂ. ಅಲ್ಲಿ ಕೂರಿಸುವ ಕೋಣೆಯೇ ಬೇರೆ, ಕೆಲಸ ಮಾಡುವ ಜಾಗವೇ ಬೇರೆ. ನಡುವೆ ಗಾಜು. ಕಾಫಿ ಕೊಟ್ಟರು, ಬಿಸ್ಕತ್ತು ಕೊಟ್ಟರು, ಮದುವೆ ಮನೆಯ ಉಪಚಾರ. ಇವರು ಎದ್ದು ಗಾಡಿಯ ಹತ್ತಿರ ಹೋಗಲು ನೋಡಿದರೆ ವಾಪಸು ಕಳಿಸಿದರು. ಗಾಜಿಗೆ ಮೂಗು ತಾಗಿಸಿ ನಿಂತರು. ನಮ್ಮ ಕಾರನ್ನು ತೊಳೆಯಲು ಒಂದು ಮೂಲೆಗೆ ತಳ್ಳಿದ ಮೇಲೆ ಏನೂ ಕಾಣಲಿಲ್ಲ. ಸಂಜೆ ಕಾರು ಫಳಫಳ ಹೊಳೆಯುತ್ತಾ ಬಂತು. ಸರ್ವಿಸ್ ಪುಸ್ತಕದ ಎರಡನೇ ಚೌಕದಲ್ಲಿ ಸೀಲು ಬಿತ್ತು. ಬಿಲ್ಲಿನಲ್ಲಿ ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಎಂದೆಲ್ಲ ಬರೆದಿತ್ತು.

ಮನೆಗೆ ಬಂದ ಮಾರನೇ ದಿನ ಇವರು ಬಾನೆಟ್ ಎತ್ತಿಸಿ ಟಾರ್ಚು ಹಿಡಿಯಲು ನನ್ನನ್ನು ಕರೆದರು. ಶಿವಮೊಗ್ಗಕ್ಕೆ ಹೊರಡುವ ಮೊದಲು ನನ್ನ ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ಆಯಿಲ್ ಫಿಲ್ಟರಿನ ಸಂದಿಯಲ್ಲಿ ಒಂದು ಬೊಟ್ಟು ಇಟ್ಟಿದ್ದರಂತೆ. ಹೊಸ ಫಿಲ್ಟರ್ ಹಾಕಿದ್ದರೆ ಆ ಬೊಟ್ಟು ಇರಬಾರದು. ಇತ್ತು. ನನಗೇ ಕಂಡಿತು. ಇವರು ಬಾನೆಟ್ ಮುಚ್ಚಿಸಿದರು. ಕೈ ಒರೆಸಿಕೊಂಡು ಒಳಗೆ ಹೋಗಿ ಮಲಗಿದರು.

ಮಗ ಶೋರೂಮಿಗೆ ಫೋನು ಮಾಡಿದ. ಕಾರು ತನ್ನಿ, ನೋಡೋಣ ಎಂದರು ಅವರು. ಇವರು ಒಪ್ಪಲಿಲ್ಲ. ಡಯಾಲಿಸಿಸ್ ಇಲ್ಲದ ದಿನ ಇವರಿಗೆ ಕುತ್ತಿಗೆ ಎತ್ತಲೂ ಆಗುತ್ತಿರಲಿಲ್ಲ, ಆ ದಿನ ಮತ್ತೆ ಶಿವಮೊಗ್ಗ ಯಾರಿಗೆ ಬೇಕು. ನಾನೊಬ್ಬನೇ ಹೋಗಿ ಬರುತ್ತೇನೆ ಎಂದ ಮಗ. ನಾನಿಲ್ಲದಿದ್ದರೆ ಅವರಿಗೆ ಇನ್ನೂ ಅನುಕೂಲ ಎಂದರು ಇವರು. ಇನ್ನು ಮೇಲೆ ಎಣ್ಣೆ ಬದಲಾಯಿಸುವುದು ಮನೆಯಲ್ಲೇ ಎಂದು ತೀರ್ಮಾನ ಹೇಳಿದರು. ಆ ದಿನ ಅಪ್ಪ ಮಗನಿಗೆ ಜೋರು ಮಾತಾಯಿತು.

"ಅಪ್ಪಯ್ಯ, ಅವ್ರು ಮಾಡ್ಲಿ ಬಿಡ್ಲಿ, ಪುಸ್ತಕದಲ್ಲಿ ಸೀಲು ಬೀಳ್ಬೇಕು. ನಾಳೆ ಇಂಜಿನ್ನಿಗೆ ಎಂತಾದ್ರೂ ಆದ್ರೆ, ಸೀಲಿಲ್ದೆ ಅವ್ರು ಮುಟ್ಟೂದಿಲ್ಲ."

"ಸೀಲಿಂದ ಇಂಜಿನ್ ಓಡ್ತದನಾ? ಎಣ್ಣೆಯಿಂದ ಓಡ್ತದೆ."

ಇಬ್ಬರು ಹೇಳಿದ್ದೂ ಸುಳ್ಳಲ್ಲ. ಅಲ್ಲಿಗೆ ಹೋದರೆ ಸೀಲು ಸಿಗುತ್ತದೆ, ಕೆಲಸ ಆಗುವುದಿಲ್ಲ. ಮನೆಯಲ್ಲಿ ಮಾಡಿದರೆ ಕೆಲಸ ಆಗುತ್ತದೆ, ಸೀಲು ಸಿಗುವುದಿಲ್ಲ. ಮಗ ಅಲ್ಲಿಯೂ ಮಾಡಿಸೋಣ, ಇಲ್ಲಿಯೂ ಮಾಡೋಣ ಎಂದು ಕೊನೆಗೊಂದು ದಾರಿ ಹೇಳಿದ. ನಾನೇ ಅವನನ್ನು ಹಿತ್ತಿಲಿಗೆ ಕರೆದು, ಅಪ್ಪ ಹೇಳಿದ ಹಾಗೆ ಬಿಡು, ಸೂಜಿ ಚುಚ್ಚಿಸಿಕೊಂಡು ಮಲಗುವುದು ಬಿಟ್ಟು ಅವರಿಗೆ ಇನ್ನೇನು ಉಳಿದಿದೆ, ಅದೊಂದಾದರೂ ಇರಲಿ ಎಂದೆ. ಆ ಮಾತು ನನ್ನದು. ಮಗ ಬಿಟ್ಟ.

ಮನೆಯಲ್ಲಿ ಮಾಡುವುದು ಎಂದರೆ ಇವರು ಮಾಡುವುದಲ್ಲ. ಇವರ ಎಡಗೈಯಲ್ಲಿ ಡಯಾಲಿಸಿಸ್ ಸೂಜಿಗಾಗಿ ರಕ್ತನಾಳ ಜೋಡಿಸಿದ್ದಾರೆ. ಆ ಕೈಯಲ್ಲಿ ಒಂದು ಕೊಡ ನೀರೂ ಎತ್ತುವಂತಿಲ್ಲ. ಕಾರಿನಡಿಗೆ ನುಗ್ಗಲು ಮೈಯಲ್ಲಿ ಶಕ್ತಿಯೂ ಇರಲಿಲ್ಲ. ಸೊಸೆ ನುಗ್ಗುತ್ತೇನೆಂದರೆ ಇವರು ಬೇಡ ಎಂದರು, ಅವಳಿಗೆ ಏನಾದರೂ ಆದರೆ ಓಡಿಸುವವರು ಯಾರು? ನಾನು ಸಣ್ಣ ಮೈಯವಳು, ನನಗೆ ಏನಾದರೂ ಆದರೆ ಯಾವುದೂ ನಿಲ್ಲುವುದಿಲ್ಲ. ಸೊಸೆ ಅಂಗಳದ ದಂಡೆಗೆ ಎರಡು ದಪ್ಪ ಹಲಗೆ ಇಟ್ಟು ಮುಂದಿನ ಚಕ್ರ ಹತ್ತಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು. ನಾನು ಗೋಣಿ ಹಾಸಿ ಅಡಿಗೆ ಸರಿದೆ. ಇವರು ಕುರ್ಚಿ ಹಾಕಿಕೊಂಡು ಕೂತು ಹೇಳಿದರು, ನಾನು ಮಾಡಿದೆ.

ಇಂಜಿನ್ನಿನ ತಳದಲ್ಲಿ ಎಣ್ಣೆಯ ತೊಟ್ಟಿ ಇರುತ್ತದೆ, ಅದರ ಅಡಿಗೆ ಒಂದು ನಟ್ಟು. ಸಂಪ್ ನಟ್ಟು ಎನ್ನುತ್ತಾರೆ. ಬಿಚ್ಚಿದರೆ ಹಳೆಯ ಎಣ್ಣೆ ಬಾಣಲೆಗೆ ಇಳಿಯುತ್ತದೆ. ನಟ್ಟಿನ ಕುತ್ತಿಗೆಗೆ ಉಂಗುರದಷ್ಟು ದೊಡ್ಡ ತಾಮ್ರದ ವಾಷರ್. ಅದು ಒತ್ತಿ ಕೂತರೆ ಮಾತ್ರ ಎಣ್ಣೆ ಸೋರುವುದಿಲ್ಲ. ಒಮ್ಮೆ ಬಿಗಿಸಿದ ತಾಮ್ರ ಗಡುಸಾಗುತ್ತದೆ. ಹೊಸದು ಹಾಕಬೇಕು, ಇಲ್ಲವೇ ಹಳೆಯದನ್ನೇ ಕೆಂಡದಲ್ಲಿ ಕೆಂಪಗೆ ಕಾಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಇವರು ಗ್ಯಾರೇಜಿನಲ್ಲಿ ನಲವತ್ತು ವರ್ಷ ಮಾಡಿದ್ದು ಹಾಗೆಯೇ. ನಾನೂ ಹಾಗೆಯೇ ಬಚ್ಚಲೊಲೆಯಲ್ಲಿ ಕಾಸಿ ಹಾಕಿದೆ. ಫಿಲ್ಟರ್ ಹೊಸದು ತಂದಿದ್ದೆವು. ಒಂದು ಹನಿ ಸೋರಲಿಲ್ಲ. ಇವರು ಆ ದಿನ ಎರಡು ರೊಟ್ಟಿ ಹೆಚ್ಚು ತಿಂದರು.

ಮೂರನೇ ಚೌಕ ಖಾಲಿ ಉಳಿಯಿತು. ಆಮೇಲೆ ನಾಲ್ಕನೆಯದಕ್ಕೆ ಹೊತ್ತು ಬಂತು.

ಅದು ಭಾನುವಾರ. ಎಣ್ಣೆ ಇಳಿಸಿ ಆಗಿತ್ತು. ಇವರು ಸುಸ್ತಾಗಿ ಒಳಗೆ ಮಲಗಿದ್ದರು. ಹೇಳಿಕೊಡುವುದು ಇನ್ನೇನೂ ಇರಲಿಲ್ಲ, ನನಗೆ ಗೊತ್ತಿತ್ತು. ವಾಷರನ್ನು ಕೆಂಡಕ್ಕೆ ಹಾಕಿದೆ. ಇಕ್ಕಳದಲ್ಲಿ ಎತ್ತಿ ನೀರಿಗೆ ಹಾಕಿ ನೋಡಿದರೆ ಒಂದು ಕಡೆ ಸೀಳಿತ್ತು. ಎರಡನೇ ಸಲ ಕಾಸಿದ್ದು, ತಾಳಲಿಲ್ಲ. ಹೊಸನಗರದಲ್ಲಿ ಸಾಮಾನಿನ ಅಂಗಡಿ ಭಾನುವಾರ ಬಾಗಿಲು. ಮಗ ನಂಟರ ಮನೆಯ ತಿಥಿಗೆ ಹೋಗಿದ್ದ. ಸೊಸೆ ದನ ಹೊಡೆದುಕೊಂಡು ಬರಲು ಗುಡ್ಡೆ ಕಡೆ ಹೋಗಿದ್ದಳು. ಕಾರು ಎಣ್ಣೆಯಿಲ್ಲದೆ ಹಲಗೆಯ ಮೇಲೆ ನಿಂತಿತ್ತು. ಬೆಳಿಗ್ಗೆ ಐದೂವರೆಗೆ ಹೊರಡಬೇಕು. ಶುಕ್ರವಾರದಿಂದ ಇವರ ಮೈಯಲ್ಲಿ ನೀರು ಸೇರಿ ಕಾಲು ಬಾಳೆದಿಂಡಿನ ಹಾಗಾಗಿತ್ತು. ಇವರಿಗೆ ಹೇಳಿದ್ದರೆ ನಾಳೆ ಹೋಗುವುದು ಬೇಡ, ವಾಷರ್ ತಂದು ಹಾಕಿ ಆಮೇಲೆ ಹೋಗೋಣ ಎನ್ನುತ್ತಿದ್ದರು. ಖಂಡಿತ ಹಾಗೇ ಎನ್ನುತ್ತಿದ್ದರು. ಅದಕ್ಕೇ ಹೇಳಲಿಲ್ಲ.

ಮದುವೆಯಾಗಿ ಬಂದಾಗಿನಿಂದ ನಮ್ಮ ಪಂಪಿನ ಪೈಪು ಜೋಡಿಸುವಾಗ ನಾರು ಸುತ್ತಿದವಳು ನಾನು. ಗೋಣಿಚೀಲದ ನಾರು ಎಳೆದು, ಸೋಪು ಸವರಿ, ತಿರುಪಿನ ಗೀರುಗಳ ಮೇಲೆ ಬಿಗಿಯಾಗಿ ಸುತ್ತಿ ತಿರುವಿದರೆ ಒಂದು ಹನಿ ನೀರು ಹೊರಗೆ ಬರುವುದಿಲ್ಲ. ಈ ಕಡೆ ಹಾಗೆ ಮಾಡದ ಮನೆಯೇ ಇಲ್ಲ. ನೀರನ್ನು ತಡೆಯುವ ನಾರು ಎಣ್ಣೆಯನ್ನು ತಡೆಯುವುದಿಲ್ಲವೇ ಎಂದುಕೊಂಡೆ. ನೀರು ತಣ್ಣಗಿರುತ್ತದೆ, ಇಂಜಿನ್ನಿನ ಎಣ್ಣೆ ಕುದಿಯುತ್ತದೆ ಎಂಬುದು ನನ್ನ ತಲೆಗೆ ಬರಲಿಲ್ಲ. ಪಂಪ್ ಶೆಡ್ಡಿನಿಂದ ನಾರು ತಂದು ನಾಲ್ಕು ಸುತ್ತು ಹಾಕಿ, ನಟ್ಟು ಕೂರಿಸಿ, ಮೈಯ ಬಲವೆಲ್ಲ ಹಾಕಿ ಬಿಗಿಸಿದೆ. ಎಣ್ಣೆ ತುಂಬಿದೆ. ಸೋರಲಿಲ್ಲ.

ಒಳಗೆ ಹೋದಾಗ ಇವರು ಕಣ್ಣು ಮುಚ್ಚಿಕೊಂಡೇ ಕೇಳಿದರು. "ವಾಷರ್ ಕೂತ್ಕಂಡ್ತಾ?"

"ಹೂಂ" ಎಂದೆ.

ನಾಳೆ ಸೋಮವಾರ ಕಳೆಯಲಿ, ಮಂಗಳವಾರ ವಾಷರ್ ತರಿಸಿ ಹಾಕಿದರಾಯಿತು ಎಂಬುದು ನನ್ನ ಲೆಕ್ಕ. ಮಂಗಳವಾರ ಇವರಿಗೆ ಜ್ವರ ಬಂತು. ಸೂಜಿ ಹಾಕುವ ಜಾಗ ಕೆಂಪಾಗಿ ಬಾತಿತ್ತು. ಆ ಜ್ವರ ಎರಡು ವಾರ ಏರುತ್ತ ಇಳಿಯುತ್ತ ಹಿಡಿದುಕೊಂಡಿತು. ವಾರಕ್ಕೊಮ್ಮೆ ಎಣ್ಣೆಯ ಕಡ್ಡಿ ಎಳೆದು ಮಟ್ಟ ನೋಡುವುದು ಇವರ ಕೆಲಸ. ಅದನ್ನು ಯಾರೂ ಮಾಡಲಿಲ್ಲ. ಕಾರು ನಿಲ್ಲಿಸುವ ಮಾಡಿನ ನೆಲಕ್ಕೆ ಕೆಸರಾಗದಿರಲಿ ಎಂದು ಮಿಲ್ಲಿನಿಂದ ತಂದ ಮರದ ಹೊಟ್ಟು ಹಾಕಿದ್ದೆವು. ಎಣ್ಣೆ ತೊಟ್ಟಿಕ್ಕಿದ್ದನ್ನು ಹೊಟ್ಟು ಕುಡಿಯಿತು. ನೆಲದ ಮೇಲೆ ಒಂದು ಕಲೆಯೂ ಕಾಣಲಿಲ್ಲ. ವಾಷರ್ ವಿಷಯ ನನಗೆ ಮರೆತುಹೋಯಿತು ಎಂದರೆ ಸುಳ್ಳಾದೀತು. ನೆನಪಿತ್ತು. ಸೋರುವುದು ಕಾಣದ್ದರಿಂದ ಇನ್ನೊಂದು ವಾರ ಹೋಗಲಿ ಎಂದುಕೊಂಡೆ.

ಮೂರನೇ ವಾರದ ಬುಧವಾರ ಬಟ್ಟೆಮಲ್ಲಪ್ಪ ದಾಟಿದ ಮೇಲೆ ಸೊಸೆಯ ಎದುರಿನ ಮೀಟರಿನಲ್ಲಿ ಹಣತೆಯಂಥ ಒಂದು ಕೆಂಪು ದೀಪ ಹತ್ತಿತು. ಇಂಜಿನ್ನಿನ ಎಣ್ಣೆ ಬತ್ತಿದರೆ ಹತ್ತುವ ದೀಪ ಅದು. ಇವರು ಹಿಂದೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು.

"ಅತ್ತೆ, ಇದೆಂತೋ ಲೈಟ್ ಬಂತು. ನಿಲ್ಲಿಸ್ಲಾ?"

"ಗಂಟೆ ಎಷ್ಟು?"

"ಆರೂವರೆ."

"ಹೋಗು" ಎಂದೆ.

ಅವಳು ಹೋದಳು. ಆ ಹಿಂದಿನ ತಿಂಗಳು ಒಂದು ಸಲ ಹತ್ತು ನಿಮಿಷ ತಡವಾಗಿ ಸಂಜೆಯ ಪಾಳಿಗೆ ಕಾದಿದ್ದೆವು, ಇವರು ಬೆಂಚಿನ ಮೇಲೆ ಏದುಸಿರು ಬಿಟ್ಟಿದ್ದು ಇಬ್ಬರಿಗೂ ನೆನಪಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಂಜಿನ್ನಿನೊಳಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ಶಬ್ದ ಶುರುವಾಯಿತು. ಆ ಶಬ್ದಕ್ಕೆ ಇವರಿಗೆ ಎಚ್ಚರವಾಯಿತು. ನಾವು ಎಬ್ಬಿಸಿದ್ದಲ್ಲ.

"ಆಫ್ ಮಾಡು. ಆಫ್ ಮಾಡು ಮಗಾ."

ಅವಳ ಕೈ ಕೀಲಿಗೆ ಹೋಗುವ ಮೊದಲೇ ಇಂಜಿನ್ ತಾನಾಗಿ ನಿಂತಿತು. ಮತ್ತೆ ತಿರುಗಲಿಲ್ಲ. ಇವರು ಹಿಂದಿನ ಸೀಟಿನಲ್ಲೇ ಕೂತು, "ಸೀಜ್ ಆಯ್ತು" ಎಂದರು. ಎಣ್ಣೆಯಿಲ್ಲದೆ ಇಂಜಿನ್ನಿನ ಒಳಗೆಲ್ಲ ಕಚ್ಚಿಕೊಂಡಿತ್ತು. ಹಾಲಿನ ವ್ಯಾನೊಂದಕ್ಕೆ ಕೈ ಅಡ್ಡ ಹಾಕಿ ಸಾಗರ ಸೇರಿದೆವು. ಹಾಸಿಗೆ ಬೇರೆಯವರಿಗೆ ಹೋಗಿತ್ತು. ಮೂರು ಗಂಟೆಗೆ ಸಿಕ್ಕಿತು.

ಮಗ ಕಾರನ್ನು ಎಳೆಸಿ ಶಿವಮೊಗ್ಗದ ಶೋರೂಮಿಗೆ ಕಳಿಸಿದ. ಶೋರೂಮಿನವರು ಎರಡು ವಾರ ಕಳೆದು ಬರಲು ಹೇಳಿದರು. ಮಗ, ಇವರು, ನಾನು ಹೋದೆವು. ಕುತ್ತಿಗೆಗೆ ಕಾರ್ಡು ಹಾಕಿಕೊಂಡ ಒಬ್ಬರು, ಒಳ್ಳೆಯ ಮಾತಿನವರು, ಈ ಸಲ ನಮ್ಮನ್ನು ಗಾಜಿನ ಆ ಕಡೆಗೇ ಕರೆದುಕೊಂಡು ಹೋದರು. ಬಿಚ್ಚಿದ ಇಂಜಿನ್ ಒಂದು ಮೇಜಿನ ಮೇಲಿತ್ತು. ಪಕ್ಕದಲ್ಲಿ ಬಿಳಿ ಬಟ್ಟೆಯ ಮೇಲೆ ಸಂಪ್ ನಟ್ಟು, ಅದಕ್ಕೆ ಅಂಟಿಕೊಂಡು ಕರಕಲಾದ ನಾರು. ಸುಟ್ಟ ಕೂದಲಿನ ಹಾಗೆ ಕಾಣುತ್ತಿತ್ತು.

"ಅಜ್ಜ, ಇದು ಎಂತದು ಅಂತ ನಮ್ಮ ಹುಡುಗ್ರಿಗೆ ಯಾರಿಗೂ ಗೊತ್ತಾಗ್ಲಿಲ್ಲ" ಎಂದರು ಅವರು.

ಇವರಿಗೆ ಗೊತ್ತಾಯಿತು. ಬಗ್ಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಐವತ್ತು ವರ್ಷದಲ್ಲಿ ನನ್ನನ್ನು ಹಾಗೆ ನೋಡಿದ್ದಿಲ್ಲ. ಸಿಟ್ಟಾಗಿದ್ದರೆ ನನಗೆ ಗೊತ್ತಾಗುತ್ತಿತ್ತು. ಸಿಟ್ಟಲ್ಲ.

"ನಾನೇ ಸುತ್ತಿದ್ದು" ಎಂದರು.

ಮಗ ನೆಲ ನೋಡಿದ. ಮೇಜಿನ ಆ ಕಡೆ ಕೆಲಸ ಮಾಡುತ್ತಿದ್ದ ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕರು. ನಲವತ್ತು ವರ್ಷ ಗ್ಯಾರೇಜು ಇಟ್ಟವರು ಇಂಜಿನ್ನಿಗೆ ಗೋಣಿನಾರು ಸುತ್ತಿದೆ ಎಂದು ಒಪ್ಪಿಕೊಂಡು ನಿಂತಿದ್ದರು. ನಾನು ಬಾಯಿ ತೆರೆಯಬೇಕಿತ್ತು. ತೆರೆದೆ, ಆದರೆ ಬಂದದ್ದು ಬೇರೆ ಮಾತು. ನಿಮ್ಮವರು ಫಿಲ್ಟರ್ ಬದಲಾಯಿಸದೆ ಬದಲಾಯಿಸಿದೆ ಎಂದು ಸೀಲು ಒತ್ತಿದರಲ್ಲ, ಅದು ಮೋಸವಲ್ಲವೇ ಎಂದು ಕೇಳಿದೆ. ಕಾರ್ಡಿನವರು ಸರ್ವಿಸ್ ಪುಸ್ತಕ ತೆರೆದು ನೋಡಿದರು.

"ಆವಾಗ್ಲೇ ಬರ್ಬೇಕಿತ್ತು ಅಜ್ಜಿ. ಬಂದಿದ್ರೆ ನಾನೇ ಜಗಳ ಮಾಡ್ತಿದ್ದೆ ನಿಮ್ಮ ಪರವಾಗಿ. ಈಗ ಎರಡು ಸರ್ವಿಸಿನ ಸೀಲಿಲ್ಲ, ಮೇಲಿಂದ ಈ ನಾರು. ವಾರಂಟಿ ಸಿಗೂದಿಲ್ಲ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ದೊಡ್ಡ ಕಷ್ಟ. ಹೊಸ ಇಂಜಿನ್ನಿಗೆ ಎಷ್ಟಾಗುತ್ತದೆ ಎಂದು ಮಗ ಪಕ್ಕಕ್ಕೆ ಹೋಗಿ ಕೇಳಿಕೊಂಡು ಬಂದ. ನಮಗೆ ಹೇಳಲಿಲ್ಲ. ಅವನ ಮುಖ ನೋಡಿ ನಾವೂ ಕೇಳಲಿಲ್ಲ.

ಬಸ್ಸಿನಲ್ಲಿ ಮಗ ಮುಂದೆ ಎಲ್ಲೋ ಕೂತಿದ್ದ. ಬಸ್ಸು ಆಯನೂರು ದಾಟಿತು. ಇವರು ಕಿಟಕಿ ಕಡೆ ಮುಖ ಮಾಡಿಕೊಂಡೇ, "ಎಷ್ಟು ಸುತ್ತು?" ಎಂದರು.

"ನಾಕು."

"ಸೋಪು ಹಾಕಿದ್ಯಾ?"

"ಹಾಕಿದ್ದೆ."

"ಪಂಪಿಗಾದ್ರೆ ಸರಿ ಇತ್ತು" ಎಂದರು. ಆ ವಿಷಯದಲ್ಲಿ ಇವರು ನನ್ನ ಹತ್ತಿರ ಆಡಿದ್ದು ಅಷ್ಟೇ.

ಮನೆಯಲ್ಲಿ ಮಗ ಅಪ್ಪನ ಮೇಲೆ ಕೂಗಾಡಿದ. ಒಂದು ದಿನವಲ್ಲ, ಎಷ್ಟೋ ದಿನ. ದೊಡ್ಡ ಮೆಕ್ಯಾನಿಕ್ಕಂತೆ, ಮರ್ಯಾದೆ ಕಳೆದಿರಿ, ಕಾರೂ ಕಳೆದಿರಿ ಎಂದ. ಇವರು ಗೋಡೆ ನೋಡುತ್ತ ಕೂತರು. ಸೊಸೆ, ಕೆಂಪು ದೀಪ ಕಂಡಾಗಲೇ ನಾನು ನಿಲ್ಲಿಸಬೇಕಿತ್ತು ಎಂದು ಅತ್ತಳು. ನಾನು ಒಂದು ತಿಂಗಳು ಇದನ್ನೆಲ್ಲ ಕೇಳಿಕೊಂಡು ಅಕ್ಕಿ ಆರಿಸಿದೆ. ಆಮೇಲೆ ಒಂದು ದಿನ ಊಟಕ್ಕೆ ಬಡಿಸುವಾಗ ಹೇಳಿಬಿಟ್ಟೆ. ನಾರು ಸುತ್ತಿದವಳು ನಾನು, ವಾಷರ್ ಹಾಕಿದೆ ಎಂದು ಸುಳ್ಳು ಹೇಳಿದವಳು ನಾನು, ಹೋಗು ಎಂದವಳೂ ನಾನು. ಮಗ ಅನ್ನ ಕಲಸುತ್ತಿದ್ದವನು ಕೈ ನಿಲ್ಲಿಸಿದ.

"ಈಗ ಹೇಳಿದ್ರೆ ನಾನೆಂತ ಮಾಡ್ಲಿ ಅಮ್ಮ" ಎಂದ.

ಬೈದಿದ್ದರೆ ಒಂದು ದಾರಿಯಾಗುತ್ತಿತ್ತು. ಅವನು ಊಟ ಮುಗಿಸಿ ಎದ್ದ. ಅಪ್ಪನ ಮೇಲೆ ಕೂಗುವುದು ನಿಂತಿತು, ಅಪ್ಪನ ಹತ್ತಿರ ಮಾತಾಡುವುದು ಶುರುವಾಗಲಿಲ್ಲ.

ಕಾರು ಈಗ ಶಿವಮೊಗ್ಗದಲ್ಲೇ ಇದೆ. ನಾವು ಬಾಡಿಗೆ ಗಾಡಿಯಲ್ಲಿ ಒಂದು ತಿಂಗಳು ಹೋದೆವು. ವಾರಕ್ಕೆ ಮೂರು ಸಲ ಅಂದರೆ ಯಾರ ಕೈಯಲ್ಲೂ ಆಗುವುದಲ್ಲ. ಆಸ್ಪತ್ರೆಯಲ್ಲಿ ಕೇಳಿಕೊಂಡು ಮಧ್ಯಾಹ್ನದ ಪಾಳಿಗೆ ಬದಲಾಯಿಸಿಕೊಂಡು ಬಸ್ಸು ಹಿಡಿದೆವು. ಹೋಗುವುದು ಹೇಗೋ ಆಗುತ್ತದೆ. ಡಯಾಲಿಸಿಸ್ ಮುಗಿಸಿ ಬರುವುದು ಆಗುವುದಿಲ್ಲ. ಬಸ್ಸಿನಲ್ಲಿ ವಾಂತಿ, ಇಳಿದ ಮೇಲೆ ಒಂದು ಮೈಲಿ. ಇಳಿಜಾರೇ ಆದರೂ ಇವರು ನಾಲ್ಕು ಕಡೆ ಕೂರುತ್ತಾರೆ. ಮಗನ ಬೈಕಿನಲ್ಲಿ ಕೂರಿಸಿದರೆ ಒಂದು ಕಡೆಗೆ ವಾಲುತ್ತಾರೆ. ಸೊಸೆ ಹಿಂದಿನಿಂದ ಹಿಡಿದುಕೊಂಡು ಓಡಬೇಕು.

ಇವರು ಮೊದಲ ಸಲ, ಬುಧವಾರ ಹೋಗುವುದು ಬೇಡ ಎಂದಾಗ ನಾನು ಬೈದು ಅಂಗಿ ಹಾಕಿಸಿ ಹೊರಡಿಸಿದೆ. ಮುಂದಿನ ಬುಧವಾರವೂ ಬೈದೆ, ಹೊರಟರು. ಅದರ ಮುಂದಿನ ಬುಧವಾರ ಅಂಗಿ ಕೈಯಲ್ಲಿ ಹಿಡಿದುಕೊಂಡು ನಿಂತೆ.

"ನಂಗೆ ಸಾಕಾಯ್ತೇ" ಎಂದರು. ದನಿಯಲ್ಲಿ ಹಟ ಇರಲಿಲ್ಲ.

ನಾನು ಅಂಗಿಯನ್ನು ಮೊಳೆಗೆ ಹಾಕಿದೆ. ಬುಧವಾರ ಬಿಟ್ಟರೆ ಏನಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ, ಸೋಮವಾರದಿಂದ ಶುಕ್ರವಾರದವರೆಗೆ ನೀರು ಎದೆಗೆ ಏರುತ್ತದೆ. ಇವರಿಗೂ ಗೊತ್ತು. ಈಗ ದಿಂಬು ಎರಡಿದ್ದದ್ದು ಮೂರಾಗಿದೆ, ಮಲಗಿದರೆ ಉಸಿರು ಸಿಗುವುದಿಲ್ಲ.

ಹೀಗೆ ನಾಲ್ಕು ಬುಧವಾರ ತಪ್ಪಿದ ಮೇಲೆ ಆಸ್ಪತ್ರೆಯ ನರ್ಸಮ್ಮ ಫೋನು ಮಾಡಿದರು. ಎತ್ತಿದ್ದು ನಾನು. ಪಾಪ, ಮೆತ್ತಗೆ ಕೇಳಿದರು. ಬ್ಯಾಕೋಡು ಕಡೆಯ ಒಬ್ಬ ಹೆಂಗಸು ತಿಂಗಳಿಂದ ಪಾಳಿಗೆ ಕಾಯುತ್ತಿದ್ದಾರೆ, ಸಣ್ಣ ಮಕ್ಕಳಿದ್ದಾರೆ, ಅಜ್ಜ ಬುಧವಾರ ಬರುವುದಿಲ್ಲವೆಂದಾದರೆ ಆ ಹಾಸಿಗೆ ಅವರಿಗೆ ಕೊಡಬಹುದೇ ಎಂದರು. ಒಮ್ಮೆ ಕೊಟ್ಟರೆ ಮತ್ತೆ ವಾಪಸು ಸಿಗುವುದು ಕಷ್ಟ ಎಂಬುದನ್ನೂ ಹೇಳಿದರು. ಮುಚ್ಚಿಡಲಿಲ್ಲ.

ಫೋನು ಜೋರಾಗಿತ್ತು, ಇವರಿಗೆ ಎಲ್ಲ ಕೇಳಿಸಿತು. ಇವರನ್ನು ನೋಡಿದೆ. ಬೇಡ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಮೂರು ದಿಂಬಿಗೆ ಒರಗಿ ಉಸಿರು ಎಳೆಯುತ್ತಿದ್ದರು.

"ಕೊಡಿ" ಎಂದೆ.